ಹಿಲ್ಡೆಗಾರ್ಡ್ ಹಾಡುಗಳಿಗೆ ಸರಿಗಮ: ಕೆಲಸ ಎಲ್ಲಿಗೆ ಬಂತು

ಏಪ್ರಿಲ್

ಮೊದಲ ಹಾಡು ಪೂರ್ತಿ ಸರಿಗಮಕ್ಕೆ ಇಳಿಯಿತು. 'ಓ ವಿರ್ತುಸ್ ಸಪಿಯೆಂತಿಯೆ' ಅಂತ ಅದರ ಆರಂಭ. ವಿವೇಕದ ಶಕ್ತಿಯನ್ನು ಕರೆದು ಹಾಡುವ ಪುಟ್ಟ ಸ್ತುತಿ ಅದು. ಆ ಶಕ್ತಿಗೆ ಮೂರು ರೆಕ್ಕೆ. ಒಂದು ಮೇಲಕ್ಕೆ ಹಾರುತ್ತದೆ, ಇನ್ನೊಂದು ನೆಲದಿಂದ ಬೆವರಾಗಿ ಒಸರುತ್ತದೆ, ಮತ್ತೊಂದು ಎಲ್ಲ ಕಡೆ ಹಾರುತ್ತದೆ. ರೆಕ್ಕೆ ಬೆವರುವುದು! ಇಂಥದ್ದು ಬರೆಯೋಕೆ ಧೈರ್ಯ ಬೇಕು ಅಲ್ವಾ?

ಬರೆದವರು ಬಿಂಗೆನ್‌ನ ಸಂತ ಹಿಲ್ಡೆಗಾರ್ಡ್. 1098ರಲ್ಲಿ ಹುಟ್ಟಿದ ಜರ್ಮನ್ ಕನ್ಯಾಸ್ತ್ರೀ, ರೈನ್ ನದಿಯ ದಂಡೆಯಲ್ಲಿ ರೂಪರ್ಟ್ಸ್‌ಬರ್ಗ್ ಮಠ ಕಟ್ಟಿದವರು. ದರ್ಶನಗಳ ಗ್ರಂಥ, ಗಿಡಮೂಲಿಕೆಗಳ ಬರಹ, ನೂರಾರು ಪತ್ರ, ಜೊತೆಗೆ ಸುಮಾರು 77 ಹಾಡು. ನಮ್ಮ ಚರ್ಚಿನ ಗಾಯನ ವೃಂದದಲ್ಲಿ ಅರ್ಧ ಜನ ಕರ್ನಾಟಕ ಸಂಗೀತ ಕಲಿತವರು. ಪಾಶ್ಚಾತ್ಯ ಸ್ವರಲಿಪಿ ನೋಡಿದರೆ ಅವರಿಗೆ ಇರುವೆ ಸಾಲು ಕಂಡ ಹಾಗೆ. ಹಾಗಾಗಿ ಈ ಹಾಡುಗಳನ್ನು ಕನ್ನಡ ಅಕ್ಷರದ ಸರಿಗಮದಲ್ಲಿ ಬರೆದುಕೊಡೋಣ ಅಂತ ಹೊರಟಿದ್ದೇನೆ. ಎಲ್ಲ ಹಾಡುಗಳನ್ನೂ ಮುಗಿಸುವ ಆಸೆ ಇಲ್ಲ. ಹಾಡಲು ಆಗುವಂಥವು ಒಂದಷ್ಟು ಸಾಕು.

ಮೂಲ ಪ್ರತಿ ಜರ್ಮನಿಯ ವೀಸ್‌ಬಾಡೆನ್ ಗ್ರಂಥಾಲಯದಲ್ಲಿದೆ. 481 ಹಾಳೆ, ಸುಮಾರು 15 ಕಿಲೋ ತೂಕ. ಅದಕ್ಕೇ 'ದೈತ್ಯ ಗ್ರಂಥ' ಅಂತ ಹೆಸರು. ಎರಡನೇ ಮಹಾಯುದ್ಧದಲ್ಲಿ ಇದನ್ನು ಡ್ರೆಸ್ಡೆನ್‌ನ ಬ್ಯಾಂಕ್ ಒಂದರ ಭದ್ರ ಕೋಣೆಯಲ್ಲಿ ಇಟ್ಟಿದ್ದರು. ಊರು ಬಾಂಬಿಗೆ ಸುಟ್ಟುಹೋಯಿತು, ಇದು ಉಳಿಯಿತು. ಜೊತೆಗಿದ್ದ ಚಿತ್ರಗಳ ಹಸ್ತಪ್ರತಿ ಮಾತ್ರ ಇವತ್ತಿಗೂ ಸಿಕ್ಕಿಲ್ಲ. ಅದೃಷ್ಟಕ್ಕೆ ಐಬಿಂಗೆನ್ ಮಠದ ಸಿಸ್ಟರ್‌ಗಳು 1927ರಿಂದ 1933ರವರೆಗೆ ಕೂತು ಅದನ್ನು ಚರ್ಮದ ಹಾಳೆಯ ಮೇಲೆ ಕೈಯಿಂದಲೇ ನಕಲು ಮಾಡಿಟ್ಟಿದ್ದರು. ಇವತ್ತು ನಾವು ನೋಡುವ ಬಣ್ಣಗಳೆಲ್ಲ ಅವರ ಕೈಕೆಲಸದಿಂದ ಬಂದವು. ನಕಲು ಮಾಡುವ ಕೆಲಸವನ್ನು ಹಗುರವಾಗಿ ನೋಡುವವರಿಗೆ ನಾನು ಈ ಕಥೆ ಹೇಳುತ್ತೇನೆ.

ದೈತ್ಯ ಗ್ರಂಥದ ಪುಟಗಳು ಈಗ ಆನ್‌ಲೈನ್‌ನಲ್ಲಿ ಉಚಿತ. ಹಾಡುಗಳು ಕೊನೆಯ ಹಾಳೆಗಳಲ್ಲಿವೆ.

ಮೇ

ಓದುವ ಕ್ರಮ ಹೀಗೆ. ಪಾಶ್ಚಾತ್ಯ ಸ್ವರಗಳಿಗೆ ಎ ಇಂದ ಜಿ ವರೆಗೆ ಅಕ್ಷರದ ಹೆಸರು. ಗೆರೆಗಳಲ್ಲಿ ಕೆಂಪು ಬಣ್ಣದ್ದು ಎಫ್ ಸ್ವರ, ಹಳದಿ ಬಣ್ಣದ್ದು ಸಿ ಸ್ವರ. ಅವೆರಡು ಸಿಕ್ಕಿದರೆ ಉಳಿದದ್ದು ಎಣಿಕೆ. ಗೆರೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಸ್ವರ ಇಲ್ಲ; ಕೊಕ್ಕೆ, ಬಾಲ, ಅಲೆ ಥರದ ಗುರುತುಗಳಿವೆ. ನ್ಯೂಮ್ ಅಂತಾರೆ. ಕೆಲವು ಗುರುತಿಗೆ ಒಂದೇ ಸ್ವರ, ಹಲವಕ್ಕೆ ಎರಡೋ ಮೂರೋ. ಏರುವ ಜೋಡಿಗೆ ಪೆಸ್, ಇಳಿಯುವ ಜೋಡಿಗೆ ಕ್ಲೀವಿಸ್. ಒಂದು ನ್ಯೂಮಿನ ಸ್ವರಗಳನ್ನೆಲ್ಲ ಒಂದೇ ಅಡಿಗೆರೆಯ ಮೇಲೆ ಸೇರಿಸಿ ಬರೆಯುತ್ತಿದ್ದೇನೆ. ಅದರ ಕೆಳಗೆ ಲ್ಯಾಟಿನ್ ಉಚ್ಚಾರ ಕನ್ನಡ ಅಕ್ಷರದಲ್ಲಿ. ತಾಳ ಇಲ್ಲ. ಯಾವ ಸ್ವರ ಎಷ್ಟು ಹೊತ್ತು ಅಂತ ಹಸ್ತಪ್ರತಿ ಹೇಳುವುದೇ ಇಲ್ಲ. ಉಸಿರು ಮತ್ತು ಮಾತು ನೋಡಿಕೊಂಡು ಹಾಡಬೇಕು. ಆಲಾಪನೆ ಅಭ್ಯಾಸ ಇದ್ದವರಿಗೆ ಇದು ಕಷ್ಟ ಅಲ್ಲ.

ಕಷ್ಟ ಬೇರೆ ಕಡೆ ಇದೆ. ಆ ಮೊದಲ ಹಾಡು ನಿಲ್ಲುವುದು ಇ ಸ್ವರದಲ್ಲಿ. ಅದನ್ನೇ ಷಡ್ಜ ಮಾಡಿಕೊಂಡರೆ ಬರುವ ಸ್ವರಗಳು ಶುದ್ಧ ರಿಷಭ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ, ಕೈಶಿಕಿ ನಿಷಾದ. ಅಂದರೆ ನಮ್ಮ ಹನುಮತೋಡಿ ರಾಗದ ಸ್ವರಗಳು! ಶ್ರುತಿಪೆಟ್ಟಿಗೆ ಹಾಕಿ ಹಾಡಿದರೆ ಗಾಂಧಾರ ತಾನಾಗಿಯೇ ಅಲುಗುತ್ತದೆ, ಅದೇ ಗಮಕ. ವರ್ಷಗಟ್ಟಲೆ ಕೂರಿಸಿದ ಅಭ್ಯಾಸ, ಗಂಟಲು ಕೇಳಬೇಕಲ್ಲ. ಇಲ್ಲಿ ಮಾತ್ರ ಗಾಂಧಾರ ಕಂಬದ ಹಾಗೆ ನಿಲ್ಲಬೇಕು.

ನಮ್ಮ ಸಂಗೀತದ ಮೇಷ್ಟ್ರಿಗೆ ಹಾಡಿ ತೋರಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಅಲ್ಲಮ್ಮಾ, ಗಮಕ ಇಲ್ಲದ ತೋಡಿ ತೋಡೀನೇ ಅಲ್ಲ. ಸ್ವರಸ್ಥಾನ ಒಂದೇ ಇದೆ ಅಷ್ಟೆ. ಹಾಳೆ ಮೇಲೆ ರಾಗದ ಹೆಸರು ಬರೀಬೇಡ, ಮೇಳ ಅಂತ ಮಾತ್ರ ಬರಿ" ಅಂದರು. ಮೇಳ ಅಂದರೆ ಬರೀ ಸ್ವರಗಳ ಗುಂಪು. ಹಾಗೇ ಮಾಡಿದೆ. ಈಗ ಪ್ರತಿ ಹಾಡಿನ ತಲೆಯ ಮೇಲೆ ಷಡ್ಜ ಯಾವುದು, ಸ್ವರಗಳು ಯಾವುವು, ಇಷ್ಟೇ ಇರುತ್ತದೆ. ಶ್ರುತಿಪೆಟ್ಟಿಗೆ ಕೂಡ ನನ್ನ ಸೇರಿಕೆ, ಹಸ್ತಪ್ರತಿಯಲ್ಲಿ ಅದರ ಸುಳಿವಿಲ್ಲ. ಅದನ್ನು ಬಿಡಲು ಮಾತ್ರ ನನಗೆ ಮನಸ್ಸಿಲ್ಲ.

ಡಿ ಸ್ವರವನ್ನು ಷಡ್ಜ ಮಾಡಬೇಕಾದ ಹಾಡುಗಳು ಇನ್ನೂ ಮಜಾ. ಅಲ್ಲಿ ಬಿ ಸ್ವರ ಒಮ್ಮೆ ಹಾಗೆಯೇ ಬರುತ್ತದೆ, ಒಮ್ಮೆ ಅರ್ಧ ಮೆಟ್ಟಿಲು ಕೆಳಗೆ. ಎರಡು ಧೈವತ. ಭೈರವಿ ಹಾಡಿದವರಿಗೆ ಇದು ಮನೆಯ ಮಾತು. ಅದೇ ಇಳಿದ ಬಿ ಸ್ವರ, ಇ ಸ್ವರ ಷಡ್ಜವಾದ ಹಾಡಿನಲ್ಲಿ ಬಂದರೆ ಪಂಚಮವೇ ಕೆಳಗಿಳಿದ ಹಾಗೆ. ನಮ್ಮಲ್ಲಿ ಪಂಚಮ ಅಲುಗುವ ಹಾಗಿಲ್ಲ. ಆದ್ದರಿಂದ ಅಂಥ ಕಡೆ ಪ್ರತಿಮಧ್ಯಮ ಅಂತ ಬರೆದು ಪಕ್ಕದಲ್ಲಿ ನಕ್ಷತ್ರ ಹಾಕುತ್ತಿದ್ದೇನೆ.

ಜೂನ್

ಈ ತಿಂಗಳು ಬರೆದದ್ದು ಕಡಿಮೆ, ಓದಿದ್ದು ಜಾಸ್ತಿ. ವೃಂದದವರು ಒಂದು ಪ್ರಶ್ನೆ ಕೇಳಿದ್ದರು: ಹಾಡು ಕಟ್ಟುವುದು ಆಕೆಗೆ ಭಕ್ತಿಯಾಗಿತ್ತೋ, ಹವ್ಯಾಸವಾಗಿತ್ತೋ?

ಆನ್‌ಲೈನ್‌ನಲ್ಲಿ ಹುಡುಕಿದರೆ ಹಿಲ್ಡೆಗಾರ್ಡ್ ಅಂದರೆ ಮನಸ್ಸಿಗೆ ಶಾಂತಿ ಕೊಡುವ ಸಂಗೀತ, ಧ್ಯಾನಕ್ಕೆ ಹಿನ್ನೆಲೆ. ಅವರದೇ ಮಾತು ಓದಿದರೆ ಶಾಂತಿ ಎಲ್ಲಿ ಬಂತು? 1141ರಲ್ಲಿ, 42 ವರ್ಷ 7 ತಿಂಗಳ ವಯಸ್ಸಿನಲ್ಲಿ, ಅವರಿಗೆ ಒಂದು ದರ್ಶನ ಆಯಿತು. ಕಂಡದ್ದನ್ನು, ಕೇಳಿದ್ದನ್ನು ಹೇಳು, ಬರೆ ಅನ್ನುವ ಆಜ್ಞೆ. ಅವರು ಬರೆಯಲಿಲ್ಲ. ಜನ ಏನಂತಾರೋ ಅನ್ನುವ ಅಂಜಿಕೆ, ತನ್ನ ಮೇಲೇ ಅನುಮಾನ. ಆಮೇಲೆ ಕಾಯಿಲೆ ಬಿದ್ದರು. ಪೆನ್ನು ಹಿಡಿದ ಮೇಲೆಯೇ ಮೈಗೆ ಬಲ ಬಂತು ಅಂತ ಅವರೇ ಬರೆದಿದ್ದಾರೆ. ಆ ದರ್ಶನಗಳ ಗ್ರಂಥ ಮುಗಿಯಲು ಹತ್ತು ವರ್ಷ ಹಿಡಿಯಿತು. ಫೋಲ್ಮಾರ್ ಅನ್ನುವ ಸನ್ಯಾಸಿ ಪಕ್ಕದಲ್ಲಿ ಕೂತು ಲ್ಯಾಟಿನ್ ವ್ಯಾಕರಣ ತಿದ್ದಿಕೊಟ್ಟರು.

ನನಗೆ ಇಲ್ಲಿ ಮುಖ್ಯ ಅನಿಸಿದ್ದು ಇದು. ಅವರ ಪಾಲಿಗೆ ಕಟ್ಟುವ ಶಕ್ತಿ ಖುಷಿಗೆ ಸಿಕ್ಕ ವರ ಅಲ್ಲ. ಒಪ್ಪಿಸಬೇಕಾದ ಲೆಕ್ಕ. ಸುಮ್ನೆ ಕೂತರೆ ಅದೂ ಒಂದು ತಪ್ಪು. ಅದೇ ಹೊತ್ತಿಗೆ ಹಾಡು ತನ್ನದು ಅಂತಲೂ ಅವರು ಹೇಳಿಕೊಳ್ಳುವುದಿಲ್ಲ. ದೇವರ ಉಸಿರಿನ ಮೇಲೆ ತೇಲುವ ಗರಿ ತಾನು ಅಂತ ಕರೆದುಕೊಳ್ಳುತ್ತಾರೆ.

ಒಂದು ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪಲಾರೆ. ನ್ಯೂಮ್ ಆಗಲಿ ಗಾಯನ ಆಗಲಿ ಕಲಿಯದೆಯೇ ಹಾಡು ಕಟ್ಟಿದೆ, ಹಾಡಿದೆ ಅಂತಾರೆ. ಪಾಠ ಅಂತ ಕೂತು ಕಲಿಯದೇ ಇರಬಹುದು. ಆದರೆ 1112ರಿಂದ ಡಿಸಿಬೋಡೆನ್‌ಬರ್ಗ್ ಮಠದಲ್ಲಿ ಯುಟ್ಟಾ ಅನ್ನುವ ಹಿರಿಯ ಸಾಧಕಿಯ ಜೊತೆ ಬೆಳೆದವರು. ಹಗಲು ರಾತ್ರಿ ನಿಗದಿಯಾದ ಹೊತ್ತುಗಳಲ್ಲಿ ಕೀರ್ತನೆಗಳ ಗಾಯನ. ಅಷ್ಟು ವರ್ಷ ಕಿವಿ ಕಲಿತದ್ದು ಕಲಿಕೆ ಅಲ್ವಾ? 'ಸ' ಹಿಡಿದು ನೇರ 'ಪ'ಗೆ ಜಿಗಿಯುವ, ಅಲ್ಲಿಂದ ಮೇಲಿನ 'ಸ'ಗೆ ಹಾರುವ ಅವರ ಅಭ್ಯಾಸ ನೋಡಿದರೆ, ಸಾಮಾನ್ಯ ಮಠಗಾಯನ ಎಲ್ಲಿ ನಿಲ್ಲುತ್ತದೆ ಅಂತ ಚೆನ್ನಾಗಿ ಗೊತ್ತಿದ್ದೇ ದಾಟಿದ್ದಾರೆ ಅನಿಸುತ್ತದೆ. ಕೆಲವು ಹಾಡು ಎರಡು ಸ್ಥಾಯಿಯನ್ನೂ ಮೀರುತ್ತವೆ. ಅವನ್ನು ಸದ್ಯಕ್ಕೆ ಪಕ್ಕಕ್ಕಿಟ್ಟಿದ್ದೇನೆ.

ಇನ್ನೊಂದು ಕಡೆಯೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆಂಡರ್ನಾಖ್ ಮಠದ ಮುಖ್ಯಸ್ಥೆ ಟೆಂಗ್ಸ್‌ವಿಚ್, ಹಿಲ್ಡೆಗಾರ್ಡ್‌ಗೆ ಒಂದು ಪತ್ರ ಬರೆದರು. ಹಬ್ಬದ ದಿನ ನಿಮ್ಮ ಕನ್ಯಾಸ್ತ್ರೀಯರು ಕೂದಲು ಇಳಿಬಿಟ್ಟು, ಬಿಳಿ ರೇಷ್ಮೆ ಮುಸುಕು ಹಾಕಿ, ಚಿನ್ನದ ಕಿರೀಟ ಇಟ್ಟು ಹಾಡುತ್ತಾರಂತೆ. ಅದಿರಲಿ, ದೊಡ್ಡ ಮನೆತನದವರನ್ನು ಮಾತ್ರ ಸೇರಿಸಿಕೊಳ್ಳುತ್ತೀರಂತೆ, ಯೇಸು ಬಡ ಮೀನುಗಾರರನ್ನು ಆರಿಸಿದ್ದು ಮರೆತಿರಾ, ಅಂತ. ಹಿಲ್ಡೆಗಾರ್ಡ್ ಉತ್ತರ ಏನು ಗೊತ್ತಾ? ಎತ್ತು, ಕತ್ತೆ, ಕುರಿ, ಆಡುಗಳನ್ನೆಲ್ಲ ಒಂದೇ ಕೊಟ್ಟಿಗೆಯಲ್ಲಿ ಯಾರು ಕಟ್ಟುತ್ತಾರೆ, ಅಂತ. ಹುಟ್ಟು ನೋಡಿ ಮನುಷ್ಯರನ್ನು ಬೇರೆ ಕಟ್ಟುವ ಈ ಮಾತು ಓದಿ ನಾನು ಒಂದು ವಾರ ಕೆಲಸ ಮುಟ್ಟಲಿಲ್ಲ. ಪ್ರತಿಯೊಬ್ಬರ ಆತ್ಮದಲ್ಲೂ ಸಂಗೀತ ಇದೆ ಅಂತ ಬರೆದ ಕೈಯೇ ಇದನ್ನೂ ಬರೆಯಿತು. ವೃಂದಕ್ಕೆ ಹಾಡಿನ ಹಿನ್ನೆಲೆ ಹೇಳುವಾಗ ಇದನ್ನೂ ಹೇಳಿದೆ. ಟೆಂಗ್ಸ್‌ವಿಚ್ ಹೇಳಿದ್ದೇ ಸರಿ ಅಂತ ಎಲ್ಲರೂ ಅಂದರು. ನನಗೂ ಹಾಗೇ ಅನಿಸುತ್ತದೆ.

ಜುಲೈ

ಮತ್ತೆ ಪುಸ್ತಕ ತೆರೆಯುವಂತೆ ಮಾಡಿದ್ದು 1178ರ ಗಲಾಟೆ.

ರೂಪರ್ಟ್ಸ್‌ಬರ್ಗ್ ಮಠದ ಸ್ಮಶಾನದಲ್ಲಿ ಒಬ್ಬ ಗೌರವಸ್ಥನನ್ನು ಹೂಳಿದ್ದರು. ಅವನು ಧರ್ಮಸಭೆಯಿಂದ ಬಹಿಷ್ಕಾರ ಆದವನು, ಶವ ಹೊರಗೆ ತೆಗೆಯಿರಿ ಅಂತ ಮೈನ್ಸ್‌ನ ಧರ್ಮಾಧಿಕಾರಿಗಳು ಆಜ್ಞೆ ಮಾಡಿದರು. ಸಾಯುವ ಮೊದಲು ಪಾಪನಿವೇದನೆ ಮಾಡಿ, ಪರಮಪ್ರಸಾದ ತೆಗೆದುಕೊಂಡವನು, ತೆಗೆಯುವುದಿಲ್ಲ ಅಂದರು ಹಿಲ್ಡೆಗಾರ್ಡ್. ಆಗ ಅವರಿಗೆ ಎಂಬತ್ತು. ಶಿಕ್ಷೆಯಾಗಿ ಇಡೀ ಮಠಕ್ಕೆ ಬಲಿಪೂಜೆ (ಚರ್ಚಿನ ಮಾಸ್) ನಿಂತಿತು, ಗಾಯನ ನಿಂತಿತು. ಬಾಗಿಲು ಮುಚ್ಚಿಕೊಂಡು ತಗ್ಗಿದ ದನಿಯಲ್ಲಿ ಪ್ರಾರ್ಥನೆ ಓದಬಹುದು, ಅಷ್ಟೆ.

ಹಾಡು ನಿಲ್ಲಿಸಿದರು. ಶವ ಮಾತ್ರ ತೆಗೆಯಲಿಲ್ಲ. ನಂತರ ಕೂತು ಆ ಅಧಿಕಾರಿಗಳಿಗೆ ಪತ್ರ ಬರೆದರು. ಸಂಗೀತದ ಬಗ್ಗೆ ನಾನು ಓದಿದ ಬರಹಗಳಲ್ಲಿ ಇಷ್ಟು ಖಡಕ್ ಆದದ್ದು ಇನ್ನೊಂದಿಲ್ಲ. ಅದರ ಸಾರ ಹೀಗೆ: ಪಾಪಕ್ಕೆ ಮುಂಚೆ ಆದಾಮನ ದನಿ ದೇವದೂತರ ದನಿಗೆ ಸರಿಸಮ ಇತ್ತು. ಬಿದ್ದ ಮೇಲೆ ಅದನ್ನು ಕಳೆದುಕೊಂಡ. ಪ್ರವಾದಿಗಳು ಕೀರ್ತನೆ ಕಟ್ಟಿದ್ದು, ಬಗೆಬಗೆಯ ವಾದ್ಯ ಮಾಡಿದ್ದು ಆ ದನಿಯ ನೆನಪು ಮನುಷ್ಯನಿಗೆ ಬರಲಿ ಅಂತ. ಮನುಷ್ಯ ಹಾಡುವುದು ಸೈತಾನನಿಗೆ ಸಹಿಸದು, ಅದಕ್ಕೇ ಧರ್ಮಸಭೆಯೊಳಗೆ ಜಗಳ ಹುಟ್ಟಿಸಿ ಹಾಡನ್ನು ಕೆಡಿಸುತ್ತಾನೆ. ಆದ್ದರಿಂದ ಬಾಯಿ ಮುಚ್ಚಿಸುವ ಮೊದಲು ನೋಡಿಕೊಳ್ಳಿ, ನಿಮ್ಮನ್ನು ನಡೆಸುತ್ತಿರುವುದು ನ್ಯಾಯವೋ ಸೇಡೋ. ಸರಿಯಾದ ಕಾರಣ ಇಲ್ಲದೆ ಸ್ತುತಿಗಾನ ನಿಲ್ಲಿಸಿದವರಿಗೆ ಸ್ವರ್ಗದ ದೇವದೂತರ ಗಾಯನದಲ್ಲಿ ಜಾಗ ಇರುವುದಿಲ್ಲ.

ಅಧಿಕಾರಿಗಳಿಗೆ ಇಷ್ಟು ನೇರ ಎಚ್ಚರಿಕೆ! ಮಹಾಧರ್ಮಾಧ್ಯಕ್ಷರು ಆಗ ಇಟಲಿಯಲ್ಲಿದ್ದರು. ಅವರವರೆಗೂ ಮಾತು ಹೋಗಿ, 1179ರ ಮಾರ್ಚ್‌ನಲ್ಲಿ ನಿಷೇಧ ತೆರವಾಯಿತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ತೀರಿಕೊಂಡರು.

ಈ ಪತ್ರ ಓದಿದ ಮೇಲೆ ನನ್ನ ಸರಿಗಮದ ಹಾಳೆಯಲ್ಲೂ ಒಂದು ಬದಲಾವಣೆ ಮಾಡಿದೆ. ಮೊದಲು ಉದ್ದದ ಸ್ವರಗುಚ್ಛಗಳನ್ನು ಸುಲಭಕ್ಕಾಗಿ ಕತ್ತರಿಸುವ ಯೋಚನೆ ಇತ್ತು. 'ಓ' ಅನ್ನುವ ಒಂದೇ ಅಕ್ಷರಕ್ಕೆ ಸಾಲುಗಟ್ಟಲೆ ಸ್ವರ ಯಾಕೆ ಅಂತ ವೃಂದದಲ್ಲಿ ಗೊಣಗಾಟವೂ ಇತ್ತು. ಈಗ ಒಂದು ಸ್ವರವನ್ನೂ ಬಿಡುವುದಿಲ್ಲ. ಉಸಿರು ಸಾಲದಿದ್ದರೆ ಎರಡು ಗುಂಪು ಮಾಡಿ ಸರದಿಯಲ್ಲಿ ಉಸಿರೆಳೆಯೋಣ. ಶ್ರುತಿಯನ್ನು ಐದರಿಂದ ನಾಲ್ಕೂವರೆಗೆ ಇಳಿಸಿದ್ದೇವೆ, ಮೇಲಿನ ಸ್ವರಗಳು ಈಗ ಕಿರುಚಾಟ ಆಗುತ್ತಿಲ್ಲ.

ಆಗಸ್ಟ್

ಸೆಪ್ಟೆಂಬರ್ 17 ಅವರ ಹಬ್ಬ. ಅವತ್ತು ಬಲಿಪೂಜೆ ಮುಗಿದ ಮೇಲೆ ಮೊದಲ ಹಾಡನ್ನು ಹಾಡಲು ಅನುಮತಿ ಸಿಕ್ಕಿದೆ. ಗಾಂಧಾರ ಈಗ ಬಹುಮಟ್ಟಿಗೆ ನಿಲ್ಲುತ್ತದೆ. ಒಬ್ಬರ ನಿಷಾದ ಇನ್ನೂ ಜಾರುತ್ತದೆ, ಅವರು ಯಾರು ಅಂತ ಅವರಿಗೆ ಗೊತ್ತು.

ಇದರ ಜೊತೆಗೆ 'ಓರ್ಡೋ ವಿರ್ತೂತುಮ್' ನಾಟಕದ ಮೊದಲ ದೃಶ್ಯಕ್ಕೆ ಕೈ ಹಾಕಿದ್ದೇನೆ. ಒಂದು ಆತ್ಮ, ಅದನ್ನು ಕರೆಯುವ ಸದ್ಗುಣಗಳು, ಅವರ ರಾಣಿ ನಮ್ರತೆ. ಎಲ್ಲರೂ ಹಾಡುತ್ತಾರೆ. ಸೈತಾನನಿಗೆ ಮಾತ್ರ ಹಿಲ್ಡೆಗಾರ್ಡ್ ಒಂದು ಸ್ವರವನ್ನೂ ಕೊಟ್ಟಿಲ್ಲ, ಅವನು ಬರೀ ಕೂಗಬೇಕು. ನನ್ನ ಹಾಳೆಯಲ್ಲಿ ಅವನ ಸಾಲಿನ ಮೇಲೆ ಸ್ವರದ ಜಾಗ ಖಾಲಿ ಬಿಟ್ಟಿದ್ದೇನೆ. ನಮ್ರತೆಯ ಪಾತ್ರಕ್ಕೆ ಇನ್ನೂ ಯಾರೂ ಒಪ್ಪಿಲ್ಲ, ಸ್ವರ ಎತ್ತರ ಅಂತಾರೆ. ಸೈತಾನನ ಪಾತ್ರಕ್ಕೆ ಮೂವರು ಈಗಲೇ ಹೆಸರು ಕೊಟ್ಟಾಗಿದೆ. ಮೂವರಿಗೂ ಶ್ರುತಿ ಚೆನ್ನಾಗಿದೆ, ಅದೇ ತೊಂದರೆ. ಮುಂದಿನ ಭಾನುವಾರ ಆಯ್ಕೆ. ಅಷ್ಟರಲ್ಲಿ ಆತ್ಮದ ಮೊದಲ ಹಾಡಿನ ಸರಿಗಮ ಮುಗಿಸಿ ನಕಲು ಹಂಚಬೇಕು.