ಟ್ಯೂಬ್‌ಲೈಟ್ ಕೆಳಗೆ ಲೆನ್ಸ್ ಹಿಡಿದು ನೋಡಿ

ದೀಪಾವಳಿ ರಾತ್ರಿ ಚಿಕ್ಕಪ್ಪನ ಹಳೇ ಫಿಲ್ಮ್ ಕ್ಯಾಮೆರಾ ಲೆನ್ಸ್‌ನ (ಕಂಪನಿ ಹೆಸರು ಬೇಡ ಬಿಡಿ) ಅಡಾಪ್ಟರ್ ಹಾಕಿ ನನ್ನ ಕ್ಯಾಮೆರಾಗೆ ಸಿಗಿಸಿ ಅಂಗಳದ ಹಣತೆ ತೆಗೆದ್ರೆ ಫೋಟೋ ಪೂರ್ತಿ ಮಜ್ಜಿಗೆ ಚೆಲ್ಲಿದಂಗೆ ಬಂತು. ಪಕ್ಕದಲ್ಲಿ ಬೀದಿ ದೀಪ ಇತ್ತು, ಅದು ಫ್ರೇಮಲ್ಲೂ ಇರ್ಲಿಲ್ಲ! ಕೋಟಿಂಗ್ (ಬೆಳಕು ವಾಪಸ್ ಪುಟಿಯೋದು ಕಮ್ಮಿ ಮಾಡೋಕೆ ಲೆನ್ಸ್ ಗಾಜಿಗೆ ಹಾಕೋ ತೆಳು ಪದರ) ಹುಚ್ಚು ಹತ್ತಿದ್ದು ಆವತ್ತಿಂದ. ಒಂದೊಂದು ಕಂಪನಿ ಲೆನ್ಸ್‌ಗೂ ಒಂದೊಂದು "ಲುಕ್" ಇರತ್ತೆ ಅಂತಾರಲ್ಲ, ಅದೆಷ್ಟು ನಿಜ ಅನ್ನೋದೂ ಇದರಲ್ಲೇ ಇದೆ.

ವಿಷ್ಯ ಸಿಂಪಲ್. ಗಾಳಿ-ಗಾಜು ಸೇರೋ ಒಂದೊಂದು ಮೈಯಲ್ಲೂ ಸುಮಾರು 4% ಬೆಳಕು ವಾಪಸ್ ಹೋಗತ್ತೆ, ಹೋದ್ರೆ ಹೋಗ್ಲಿ, ಅದರಲ್ಲಿ ಒಂದಿಷ್ಟು ಒಳಗೇ ಪುಟಿದು ಪುಟಿದು ಫಿಲ್ಮ್ ಮೇಲೆ ಬೀಳತ್ತಲ್ಲ, ಕಪ್ಪು ಬೂದಿಯಾಗೋದು ಅದಕ್ಕೇ. ಜರ್ಮನಿಯ ಲೆನ್ಸ್ ಕಂಪನಿ ಝೈಸ್‌ನಲ್ಲಿ ಪೌಲ್ ರುಡಾಲ್ಫ್ 1896ರಲ್ಲೇ ಪ್ಲಾನಾರ್ ಅನ್ನೋ ಲೆನ್ಸ್ ಮಾಡಿದ್ದ, ಡಿಸೈನ್ ಅದ್ಭುತ, ಆದ್ರೆ ಅಂಥ ಮೈ 8 ಇದ್ವು, ಲೆಕ್ಕ ಹಾಕಿದ್ರೆ 72% ಬೆಳಕೇ ದಾಟೋದು. ಹಂಗಾಗಿ ಆಗ ಮೆರೆದಿದ್ದು ಅದೇ ಝೈಸ್‌ನ 1902ರ ಟೆಸ್ಸಾರ್, ನಾಲ್ಕೇ ಗಾಜು, 6 ಮೈ.

ನಂಗೆ ಇದರಲ್ಲಿ ತುಂಬಾ ಇಷ್ಟದ ಕತೆ 1930ರ ದಶಕದ್ದು. ಜರ್ಮನಿಯದೇ ಲೈಟ್ಸ್ (Leitz) ಕಂಪನಿ ತನ್ನ ಲೈಕಾ ಕ್ಯಾಮೆರಾಗೆ ಸುಮ್ಮಾರ್ ಅಂತ f/2 ಲೆನ್ಸ್ (ಈ f ಅಂಕಿ ಸಣ್ಣದಾದಷ್ಟೂ ಬೆಳಕು ಜಾಸ್ತಿ ಒಳಗೆ ಬರತ್ತೆ) ಕೊಡ್ತು, ಪ್ಲಾನಾರ್ ವಂಶದ್ದೇ, ಅದಕ್ಕೂ 8 ಮೈ. ಝೈಸ್‌ನ ಲುಡ್ವಿಗ್ ಬರ್ಟೆಲೆ ಏನ್ ಮಾಡ್ದ ಅಂದ್ರೆ ಗಾಳಿ ಇರೋ ಜಾಗಕ್ಕೂ ಗಾಜೇ ತುಂಬಿ ಅಂಟಿಸಿಬಿಟ್ಟ, f/1.5 ಸೊನ್ನಾರ್‌ನಲ್ಲಿ 7 ಗಾಜಿದ್ರೂ ಗಾಳಿ ತಾಗೋ ಮೈ 6ಏ. ಕೋಟಿಂಗೇ ಇಲ್ದೆ ಕಾಂಟ್ರಾಸ್ಟ್ (ಕಪ್ಪು-ಬಿಳುಪಿನ ವ್ಯತ್ಯಾಸ) ಗೆದ್ದ ಪುಣ್ಯಾತ್ಮ. ಆಗ "ಕಂಪನಿ ಲುಕ್" ಅಂದ್ರೆ ನಿಜವಾಗ್ಲೂ ಡಿಸೈನ್.

1935ರಲ್ಲಿ ಝೈಸ್‌ನ ಅಲೆಕ್ಸಾಂಡರ್ ಸ್ಮಾಕುಲಾ ಕೋಟಿಂಗ್‌ಗೆ ಪೇಟೆಂಟ್ ತಗೊಂಡ, ಆಟಾನೇ ಬದಲಾಯ್ತು. ಒಂದು ತೆಳು ಪದರ ಸಾಕು, 4% ಇದ್ದದ್ದು ಒಂದೂವರೆ ಆಸುಪಾಸಿಗೆ ಇಳಿಯತ್ತೆ. ಮೂಲೆಗೆ ಬಿದ್ದಿದ್ದ ಪ್ಲಾನಾರ್ ವಂಶ ಎದ್ದು ಬಂತು, ಸೊನ್ನಾರ್‌ದು ಹಿಂದಿನ ಗಾಜು ಫಿಲ್ಮ್‌ಗೆ ತೀರಾ ಹತ್ರ, ಎಸ್‌ಎಲ್‌ಆರ್ (ಲೆನ್ಸ್ ಹಿಂದೆ ಕನ್ನಡಿ ಇರೋ ಕ್ಯಾಮೆರಾ) ಕನ್ನಡಿಗೆ ಜಾಗಾನೇ ಇಲ್ಲ, ಹಂಗಾಗಿ ಎಸ್‌ಎಲ್‌ಆರ್ ಕಾಲದ 50 ಎಂಎಂ f/1.8 ಹೆಚ್ಚುಕಮ್ಮಿ ಎಲ್ಲಾ ಕಂಪನಿದೂ ಪ್ಲಾನಾರ್ ಮೊಮ್ಮಕ್ಕಳೇ. 1971ರಲ್ಲಿ ಪೆಂಟಾಕ್ಸ್ ತನ್ನ ಟಾಕುಮಾರ್ ಲೆನ್ಸ್‌ಗೆ ಏಳು ಪದರ ಹಾಕಿ ಸೂಪರ್ ಮಲ್ಟಿ ಕೋಟಿಂಗ್ ಅಂತು, ಝೈಸ್ ತನ್ನ ಹಲವು ಪದರದ ಕೋಟಿಂಗ್‌ಗೆ ಟಿ ಸ್ಟಾರ್ ಅಂತು. ಈಗ ನಿಕಾನ್‌ದು ನ್ಯಾನೋ ಕ್ರಿಸ್ಟಲ್, ಕ್ಯಾನನ್‌ದು ಎಸ್‌ಡಬ್ಲ್ಯುಸಿ, ಬೆಳಕಿನ ಅಲೆಗಿಂತ ಸಣ್ಣ ರಚನೆಗಳು. ಹೆಸರು ನೋಡಿ ದುಡ್ಡು ಕೊಡೋರು ಕೊಡ್ಲಿ, ನನ್ನ ಪ್ರಕಾರ ಒಳ್ಳೇ ಲೆನ್ಸ್‌ಗಳ ಮಟ್ಟಿಗೆ ಕಂಪನಿ ಕಂಪನಿ ನಡುವಿನ ವ್ಯತ್ಯಾಸಕ್ಕಿಂತ ಹಳೇದಕ್ಕೂ ಹೊಸದಕ್ಕೂ ಇರೋದೇ ಜಾಸ್ತಿ. 30 ಮೈ ಇರೋ ಝೂಮ್‌ಗೆ ಕೋಟಿಂಗ್ ಇಲ್ದಿದ್ರೆ 30% ಬೆಳಕೂ ದಾಟಲ್ಲ, ಒಂದೊಂದು ಮೈಗೆ 0.2% ಮಾತ್ರ ಹೋದ್ರೆ 94% ದಾಟತ್ತೆ.

ನಿಮ್ಮ ಲೆನ್ಸ್ ಯಾವ ಕಾಲದ್ದು ಅಂತ ನೋಡ್ಬೇಕಾ, ಟ್ಯೂಬ್‌ಲೈಟ್ ಕೆಳಗೆ ಓರೆ ಮಾಡಿ ಹಿಡೀರಿ, ಒಳಗೆ ಪುಟಾಣಿ ಟ್ಯೂಬ್‌ಲೈಟ್‌ಗಳ ಸಾಲು ಕಾಣತ್ತೆ. ಬೆಳ್ಳಗಿದ್ರೆ ಕೋಟಿಂಗ್ ಇಲ್ಲ. ನೇರಳೆ ಇದ್ರೆ ಹೆಚ್ಚಾಗಿ ಒಂದೇ ಪದರ, ಹಸಿರು ಬೆಳಕಿಗೆ ಅಳತೆ ಮಾಡಿರ್ತಾರೆ, ಉಳಿದ ನೀಲಿ-ಕೆಂಪು ಹಿಂದೆ ಬರತ್ತೆ. ಹಸಿರು, ಕೆಂಪು ಎಲ್ಲಾ ಬೆರೆತು ಮಂಕಾಗಿದ್ರೆ ಮಲ್ಟಿ, ಅಂದ್ರೆ ಹಲವು ಪದರ. ಚಿಕ್ಕಪ್ಪನದು ಪೂರಾ ನೇರಳೆ.

ಅವರಿಗೆ ಆ ಮಜ್ಜಿಗೆ ಫೋಟೋ ತೋರಿಸಿದೆ. "ಬೀದಿ ದೀಪಕ್ಕೆ ಕೈ ಅಡ್ಡ ಇಡೋದಲ್ವೇನೋ, ನಾವ್ ಹಂಗೇ ಮಾಡ್ತಿದ್ವಿ" ಅಂದ್ರು.