ಬಿ.ಎಚ್. ರಸ್ತೆಯ ಆ ತುದಿ: ನೇತ್ರಾಣಿಗೆ ಹೊರಟವರಿಗೆ ಬಿಸಿಡಿ ಬಗ್ಗೆ ಒಂದಿಷ್ಟು

ತುಮಕೂರಿನವರಿಗೆ ಬಿ.ಎಚ್. ರಸ್ತೆ ಎಂದರೆ ಬಟ್ಟೆ ಅಂಗಡಿಗಳು, ಬಸ್ಸುಗಳ ಹಾರನ್, ದಾಟಲು ಬಿಡದ ಆಟೋಗಳು. ಅದರಲ್ಲಿರುವ ‘ಎಚ್’ ಎಂದರೆ ಹೊನ್ನಾವರ ಎಂದು ನನಗೆ ತಿಳಿದದ್ದು ನಲವತ್ತು ದಾಟಿದ ಮೇಲೆ. ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ, ಸಾಗರ ಎಂದು ಅದನ್ನೇ ಹಿಡಿದು ಸುಮಾರು 360 ಕಿಲೋಮೀಟರ್ ಹೋದರೆ ಶರಾವತಿ ಕಡಲು ಸೇರುವ ಊರು. ಅಲ್ಲಿಂದ ದಕ್ಷಿಣಕ್ಕೆ ಇನ್ನೊಂದು ಇಪ್ಪತ್ತೈದು ಕಿಲೋಮೀಟರಿಗೆ ಮುರುಡೇಶ್ವರ. ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ದೋಣಿಗಳು ಹೊರಡುವುದು ಅಲ್ಲಿಂದಲೇ.

ಕಳೆದ ವರ್ಷ ನಾನೂ ನನ್ನ ತಮ್ಮನೂ 18 ಮೀಟರ್‌ವರೆಗೆ ಇಳಿಯಲು ಅನುಮತಿ ಕೊಡುವ ‘ಓಪನ್ ವಾಟರ್’ ತರಬೇತಿ ಮುಗಿಸಿದ್ದೆವು. ಈ ಸಲ ಸಂಕ್ರಾಂತಿ ಕಳೆದ ಮೇಲೆ ಹೋದದ್ದು ಬೇರೆ ಕೆಲಸಕ್ಕೆ. ಸ್ವಂತಕ್ಕೊಂದು ಬಿಸಿಡಿ ಕೊಳ್ಳಬೇಕೆಂದು ತಮ್ಮ ಆರು ತಿಂಗಳಿನಿಂದ ಮೊಬೈಲಿನಲ್ಲಿ ಚಿತ್ರ ತೋರಿಸುತ್ತಿದ್ದ. ನೀರಿಗಿಳಿದು ನೋಡದೆ ಒಂದು ರೂಪಾಯಿಯನ್ನೂ ಬಿಚ್ಚುವುದಿಲ್ಲ ಎಂದು ನಾನು ಹಟ ಹಿಡಿದಿದ್ದೆ. ಸೀರೆ ಅಂಗಡಿಯಲ್ಲಿ ಹತ್ತು ಸೀರೆ ಬಿಡಿಸಿ ನೋಡುವವಳು ಇದನ್ನು ಚಿತ್ರ ನೋಡಿ ಕೊಳ್ಳುವುದುಂಟೇ?

ಬಿಸಿಡಿ ಎಂದರೆ ಡೈವಿಂಗ್‌ನಲ್ಲಿ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಳ್ಳುವ, ಒಳಗೆ ಗಾಳಿಚೀಲವಿರುವ ಅಂಗಿ. ನಮ್ಮ ಅಜ್ಜಿಯ ಊರಿನಲ್ಲಿ ಮಕ್ಕಳ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಬಾವಿಗೆ ತಳ್ಳುತ್ತಿದ್ದರು. ನಾನು ಈಜು ಕಲಿತದ್ದೂ ಹಾಗೆಯೇ. ಸೋರೆಬುರುಡೆಗೆ ತೇಲುವುದೊಂದೇ ಗೊತ್ತು. ಬಿಸಿಡಿಗೆ ಸಿಲಿಂಡರಿನ ಗಾಳಿಯನ್ನು ಗುಂಡಿ ಒತ್ತಿ ತುಂಬಬಹುದು, ಇನ್ನೊಂದು ಗುಂಡಿ ಒತ್ತಿ ಬಿಡಬಹುದು. ಹಾಗಾಗಿ ಮೇಲೆ ತೇಲಲೂಬಹುದು, ಕೆಳಗೆ ಇಳಿಯಲೂಬಹುದು, ನಡುನೀರಿನಲ್ಲಿ ಮೀನಿನಂತೆ ನಿಂತಲ್ಲೇ ನಿಲ್ಲಲೂಬಹುದು. ಆದರೆ ಇದು ಲೈಫ್ ಜಾಕೆಟ್ ಅಲ್ಲ. ಪ್ರಜ್ಞೆ ತಪ್ಪಿದವರ ಮುಖವನ್ನು ಅದು ನೀರಿನ ಮೇಲೆ ಹಿಡಿದಿಡುತ್ತದೆ ಎಂಬ ಖಾತ್ರಿಯಿಲ್ಲ.

ಮೊದಲ ಬಾರಿ ಒಂದೇ ಒಂದು ಡೈವ್ ಮಾಡಿ ಫೋಟೊ ತೆಗೆಸಿಕೊಂಡು ಬರುವವರು ಇದರ ತಲೆನೋವು ಹಚ್ಚಿಕೊಳ್ಳಬೇಕಿಲ್ಲ. ನಿಮ್ಮ ಗುಂಡಿಗಳನ್ನು ಒತ್ತುವವರು ತರಬೇತುದಾರರೇ. ಕೊಟ್ಟ ಬಿಸಿಡಿ ನಿಮ್ಮ ಅಳತೆಯದೇ ಎಂದು ದಡದಲ್ಲೇ ನೋಡಿಕೊಳ್ಳಿ, ಅಷ್ಟು ಸಾಕು. ನಾನು ಆ ‘ಅಷ್ಟು’ ಮಾಡಲಿಲ್ಲ.

ಮೊದಲ ದಿನ ಬೆಳಿಗ್ಗೆ ದೋಣಿ ಹೊರಟಾಗ ನನ್ನ ಪಾಲಿಗೆ ಬಂದದ್ದು ದೊಡ್ಡ ಅಳತೆಯ ಜಾಕೆಟ್ ಮಾದರಿ. ನನ್ನ ಎತ್ತರ ಐದು ಅಡಿ ಒಂದು ಅಂಗುಲ. “ಪಟ್ಟಿ ಬಿಗಿ ಮಾಡಿದರೆ ಸರಿಹೋಗುತ್ತದೆ” ಎಂದರು, ನಂಬಿದೆ. ದ್ವೀಪ ದಡದಿಂದ ಸುಮಾರು 19 ಕಿಲೋಮೀಟರ್. ದೋಣಿಯಲ್ಲಿ ಒಂದು ಗಂಟೆಗಿಂತ ಹೆಚ್ಚೇ ಹಿಡಿಯುತ್ತದೆ. ತಿಂಡಿ ಹಗುರವಾಗಿರಲಿ. ವಾಂತಿಯ ಮಾತ್ರೆ ಬೇಕಾದವರು ಊರಿನಲ್ಲೇ ವೈದ್ಯರನ್ನು ಕೇಳಿ ತಂದುಕೊಳ್ಳಿ. ಕಡಿದಾದ ಬಂಡೆಯ ಆ ದ್ವೀಪದ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು ಸುತ್ತುತ್ತಿತ್ತು. ಅದನ್ನು ನೋಡುವ ಪುಣ್ಯ ಹೊಟ್ಟೆ ತೊಳಸದವರಿಗೆ ಮಾತ್ರ.

ನೀರಿಗಿಳಿದು ಗಾಳಿ ತುಂಬಿದ ಕೂಡಲೇ ಜಾಕೆಟ್ ಮೇಲಕ್ಕೆ ಎದ್ದಿತು, ನಾನು ಅದರೊಳಗೇ ಉಳಿದೆ. ಕಾಲರ್ ಕಿವಿಗೆ ತಾಗುತ್ತಿತ್ತು, ಗಲ್ಲ ಎದೆಪಟ್ಟಿಯ ಮೇಲೆ ಕೂತಿತ್ತು. ಕೆಳಗಿಳಿದ ಮೇಲೆ ಇನ್ನೊಂದು ಬಾಧೆ: ಸಡಿಲವಾದ ಜಾಕೆಟ್ಟಿನಲ್ಲಿ ಸಿಲಿಂಡರ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಿತ್ತು, ಎತ್ತಿನ ಬೆನ್ನ ಮೇಲೆ ಸರಿಯಾಗಿ ಬಿಗಿಯದ ಮೂಟೆಯ ಹಾಗೆ. ಗಿಳಿಮೀನುಗಳು ಹವಳ ಕೆರೆಯುವುದನ್ನು ನೋಡಬೇಕಾದ ಹೊತ್ತಿನಲ್ಲಿ ನಾನು ಪಟ್ಟಿ ಎಳೆಯುತ್ತಿದ್ದೆ.

ಆದ್ದರಿಂದ ಕೊಳ್ಳುವವರಿಗೆ ನನ್ನ ಮೊದಲ ಮಾತು ಅಳತೆಯದು. ವೆಟ್‌ಸೂಟ್ (ಮೈಗಂಟುವ ರಬ್ಬರಿನಂಥ ಡೈವಿಂಗ್ ಉಡುಪು) ತೊಟ್ಟು, ಅದರ ಮೇಲೆ ಬಿಸಿಡಿ ಹಾಕಿ, ಗಾಳಿಯನ್ನು ಪೂರ್ತಿ ತುಂಬಿ ನೋಡಿ. ಉಸಿರು ಕಟ್ಟಬಾರದು. ಭುಜದ ಪಟ್ಟಿಗಳನ್ನು ಹಿಡಿದು ಯಾರಾದರೂ ಮೇಲಕ್ಕೆತ್ತಿದರೆ ಅದು ನಿಮ್ಮನ್ನು ಬಿಟ್ಟು ಕಿವಿಯತ್ತ ಏರಬಾರದು. ಹೆಂಗಸರು ಹೆಂಗಸರ ಅಳತೆಯದನ್ನೇ ಕೇಳಿ. ಬೆನ್ನಿನ ಉದ್ದ ಕಡಿಮೆ, ಎದೆಯ ಮೇಲೆ ಒತ್ತದಂತೆ ಭುಜದ ಪಟ್ಟಿಗಳು ಬಳಸಿ ಬರುತ್ತವೆ. ಗಂಡಸರ ಸಣ್ಣ ಅಳತೆ ಅದಕ್ಕೆ ಬದಲಿಯಲ್ಲ.

ಎರಡನೆಯ ದಿನ ಗಾಳಿಚೀಲ ಬೆನ್ನ ಹಿಂದೆ ಮಾತ್ರ ಇರುವ ಮಾದರಿ ಸಿಕ್ಕಿತು, ಅದೂ ಸಣ್ಣ ಅಳತೆಯದು. ಜಾಕೆಟ್ ಮಾದರಿಯಲ್ಲಿ ಗಾಳಿ ಪಕ್ಕೆಯ ಸುತ್ತಲೂ ತುಂಬುವುದರಿಂದ ನೀರಿನ ಮೇಲೆ ಕುರ್ಚಿಯಲ್ಲಿ ಕೂತಂತೆ ನೆಟ್ಟಗೆ ತೇಲಬಹುದು. ಹೊಸಬರಿಗೆ ಅದೊಂದು ಧೈರ್ಯ. ಬೆನ್ನಿನ ಮಾದರಿಯಲ್ಲಿ ನೀರಿನ ಕೆಳಗೆ ದೇಹ ತಾನಾಗಿ ಅಡ್ಡ ಮಲಗುತ್ತದೆ, ಪಕ್ಕೆಗಳು ಬಿಡುವಾಗಿರುತ್ತವೆ. ಮೇಲೆ ಬಂದಾಗ ಮಾತ್ರ ಮುಖ ಮುಂದಕ್ಕೆ ತಳ್ಳುತ್ತದೆ. ಗಾಬರಿಯಾಗಿ ಇನ್ನಷ್ಟು ಗಾಳಿ ತುಂಬಿದರೆ ಇನ್ನಷ್ಟು ತಳ್ಳುತ್ತದೆ. ಸ್ವಲ್ಪ ಗಾಳಿ ಬಿಟ್ಟು ಹಿಂದಕ್ಕೆ ಒರಗಿದರೆ ಸರಿ. ಎರಡು ಸಲ ಉಪ್ಪುನೀರು ಕುಡಿದ ಮೇಲೆ ಇದು ನನಗೆ ಒಲಿಯಿತು.

ತಮ್ಮನ ಕಣ್ಣು ಲೋಹದ ಬೆನ್ನಹಲಗೆಗೆ ರೆಕ್ಕೆಯಂಥ ಚೀಲ ಜೋಡಿಸುವ ಮೂರನೆಯ ಮಾದರಿಯ ಮೇಲಿತ್ತು. ಒಳ್ಳೆಯದೇ, ಬಹುಕಾಲ ಬಾಳುತ್ತದೆ, ಭಾಗ ಭಾಗವಾಗಿ ಬದಲಾಯಿಸಬಹುದು. ಆದರೆ ಒಂದೇ ಪಟ್ಟಿಯನ್ನು ನಿಮ್ಮ ಮೈಗೆ ಹೊಂದಿಸುವುದರಲ್ಲಿ ಅರ್ಧ ದಿನ ಹೋಗುತ್ತದೆ. ಮುಂದೆ ಅಂಡಮಾನಿಗೆ ವಿಮಾನದಲ್ಲಿ ಹೋಗುವ ಯೋಚನೆಯಿದ್ದರೆ ಉಕ್ಕಿನ ಹಲಗೆಯ ಎರಡೂವರೆ–ಮೂರು ಕಿಲೋ ನೆನಪಿರಲಿ.

“ಅಕ್ಕ, ಇದರ ಎತ್ತುವ ಶಕ್ತಿ ಇಪ್ಪತ್ತು ಕಿಲೋ” ಎಂದು ಅವನು ಹಿಗ್ಗಿದ.

“ನಿನಗೆ ಎತ್ತಬೇಕಾದದ್ದೇನಿದೆ?” ಎಂದೆ.

ನಮ್ಮ ಬೆಚ್ಚನೆಯ ಕಡಲಿಗೆ, 3 ಮಿಲಿಮೀಟರ್ ವೆಟ್‌ಸೂಟಿಗೆ, ಒಂದು ಅಲ್ಯೂಮಿನಿಯಂ ಸಿಲಿಂಡರಿಗೆ ಹತ್ತು–ಹನ್ನೆರಡು ಕಿಲೋ ಎತ್ತುವ ಚೀಲ ಧಾರಾಳ. ದೊಡ್ಡ ಚೀಲದಲ್ಲಿ ಗಾಳಿ ಅತ್ತಿತ್ತ ಓಡಾಡುವುದೇ ಹೆಚ್ಚು.

ಬಿಸಿಡಿ ಚೆನ್ನಾಗಿಲ್ಲ ಎಂದು ದೂರುವ ಬಹುಪಾಲು ಮಂದಿ, ನೀರಿನೊಳಗೆ ಇಳಿಯಲೆಂದು ಸೊಂಟಕ್ಕೆ ಕಟ್ಟುವ ಸೀಸದ ತೂಕವನ್ನು ಹೆಚ್ಚು ಕಟ್ಟಿಕೊಂಡವರು ಎಂಬುದು ನನ್ನ ಗುಮಾನಿ. ಮೊದಲ ದಿನ ನಾನೂ ಆ ಗುಂಪಿನಲ್ಲಿದ್ದೆ. ಸೀಸ ಹೆಚ್ಚಾದರೆ ಮುಳುಗುತ್ತೀರಿ. ಅದನ್ನು ಸರಿದೂಗಿಸಲು ಚೀಲಕ್ಕೆ ಹೆಚ್ಚು ಗಾಳಿ ತುಂಬುತ್ತೀರಿ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ತುಂಬಿದ ಒಂದು ಲೀಟರ್ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಲೀಟರ್ ಆಗುತ್ತದೆ. ಆದ್ದರಿಂದ ಸ್ವಲ್ಪ ಏರಿದರೂ ಚೀಲ ಹಿಗ್ಗಿ ಇನ್ನಷ್ಟು ಏರಿಸುತ್ತದೆ, ಹೆದರಿ ಗಾಳಿ ಬಿಟ್ಟರೆ ಧೊಪ್ಪನೆ ಇಳಿಯುತ್ತೀರಿ. ಹೀಗೆ ರಾಟೆಯ ಮೇಲಿನ ಬಿಂದಿಗೆಯಂತೆ ಮೇಲೆ ಕೆಳಗೆ ಆಡಿದ ಮೇಲೆ ಬೈಗುಳ ಬಿಸಿಡಿಗೆ.

ಪರೀಕ್ಷೆ ಸುಲಭ. ನೀರಿನ ಮೇಲೆ ಚೀಲವನ್ನು ಪೂರ್ತಿ ಖಾಲಿ ಮಾಡಿ, ಸಹಜವಾದ ಒಂದು ಉಸಿರನ್ನು ಹಿಡಿದು ನೆಟ್ಟಗೆ ನಿಲ್ಲಿ. ನೀರು ಕಣ್ಣಿನ ಮಟ್ಟಕ್ಕೆ ಬರಬೇಕು. ಉಸಿರು ಬಿಟ್ಟರೆ ಮೆಲ್ಲಗೆ ಮುಳುಗಬೇಕು. ಸಿಲಿಂಡರ್ ತುಂಬಿದ್ದಾಗ ಹೀಗೆ ನೋಡಿದರೆ ಇನ್ನೆರಡು ಕಿಲೋ ಸೇರಿಸಿಕೊಳ್ಳಬೇಕು, ಏಕೆಂದರೆ ಉಸಿರಾಡಿ ಮುಗಿಸುವ ಗಾಳಿಗೂ ತೂಕವಿದೆ; ಖಾಲಿಯಾಗುತ್ತ ಬಂದ ಅಲ್ಯೂಮಿನಿಯಂ ಸಿಲಿಂಡರ್ ತೇಲತೊಡಗುತ್ತದೆ. ಕೊನೆಯಲ್ಲಿ, ಮೇಲೇರುವ ಮುನ್ನ ಸುರಕ್ಷತೆಗಾಗಿ 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕಾದಾಗ ಇದು ಗೊತ್ತಾಗುತ್ತದೆ. ಎರಡನೆಯ ದಿನ ನಾನು ಎರಡು ಕಿಲೋ ಸೀಸ ಇಳಿಸಿದೆ. ಒಂದು ಮೀನಿನ ಎದುರು ಪೂರ್ತಿ ಒಂದು ನಿಮಿಷ ಕೈಕಾಲು ಆಡಿಸದೆ ನಿಂತಿದ್ದೆ. ಅದಕ್ಕೇ ಬೇಸರ ಬಂದು ಬಂಡೆಯ ಸಂದಿಗೆ ಹೋಯಿತು.

ನಮ್ಮ ಕಡೆಯವರು ಮರೆಯುವ ಒಂದು ಸಂಗತಿ ಇದೆ. ಡೈವಿಂಗ್ ಆದ ಮೇಲೆ ವಿಮಾನ ಹತ್ತಬೇಡಿ, ಒಂದು ಡೈವ್‌ಗೆ 12 ಗಂಟೆ, ಹೆಚ್ಚು ಡೈವ್‌ಗಳಿಗೆ 18 ಗಂಟೆ ಕಾಯಿರಿ ಎಂದು ಹೇಳುತ್ತಾರೆ. ಕಾರಿನಲ್ಲಿ ಬಂದವರು ಇದು ತಮಗಲ್ಲ ಎಂದುಕೊಳ್ಳುತ್ತಾರೆ. ಆದರೆ ಅಪಾಯ ವಿಮಾನದ್ದಲ್ಲ, ಎತ್ತರದಲ್ಲಿ ಕಡಿಮೆಯಾಗುವ ಗಾಳಿಯ ಒತ್ತಡದ್ದು; ಆ ಲೆಕ್ಕ ಶುರುವಾಗುವುದು 600 ಮೀಟರ್ ಎತ್ತರದಿಂದ. ತುಮಕೂರು ಇರುವುದು ಸುಮಾರು 800 ಮೀಟರ್ ಎತ್ತರದಲ್ಲಿ. ಮಧ್ಯಾಹ್ನ ನೀರಿನಿಂದೆದ್ದು ಸಂಜೆಯೇ ಗೇರುಸೊಪ್ಪೆಯ ಘಟ್ಟ ಹತ್ತಿ ಮನೆ ಸೇರುವ ಯೋಜನೆ ಬೇಡ. ನಾವು ರಾತ್ರಿ ಮುರುಡೇಶ್ವರದಲ್ಲೇ ಉಳಿದು ಮರುದಿನ ಬೆಳಗಿನ ತಿಂಡಿ ಮುಗಿಸಿ ಹೊರಟೆವು. ರೈಲಿನವರು ತಾಳಗುಪ್ಪದವರೆಗೆ ಬಂದು ಅಲ್ಲಿಂದ ಬಸ್ಸಿನಲ್ಲಿ ಇಳಿಯಬಹುದು. ವಾಪಸಾಗುವಾಗ ಇದೇ ಲೆಕ್ಕ. ಮಳೆಗಾಲದಲ್ಲಿ ದೋಣಿಗಳು ಹೋಗುವುದಿಲ್ಲ, ಅಕ್ಟೋಬರಿನಿಂದ ಮೇ ಮಧ್ಯದವರೆಗೆ ನೋಡಿಕೊಳ್ಳಿ.

ವರ್ಷಕ್ಕೊಮ್ಮೆ ಹೋಗುವವರಾದರೆ ಬಿಸಿಡಿ ಕೊಳ್ಳಬೇಡಿ. ಬಾಡಿಗೆಯದೇ ಲೇಸು, ನಿಮ್ಮ ಅಳತೆಯನ್ನು ಬರೆದಿಟ್ಟುಕೊಂಡು ಮುಂಚೆಯೇ ಫೋನಿನಲ್ಲಿ ಹೇಳಿ. ನಾವು ವರ್ಷಕ್ಕೆ ಮೂರ್ನಾಲ್ಕು ಸಲ ಹೋಗುವ ಆಸೆಯವರು, ಹಾಗಾಗಿ ಬೆಂಗಳೂರಿನಲ್ಲಿ ಒಬ್ಬರು ಬಳಸಿದ್ದನ್ನು ನೋಡಿದೆವು. ಹಳೆಯದನ್ನು ಕೊಳ್ಳುವಾಗ ಕವಾಟ ತಾನಾಗಿ ಗಾಳಿ ಕಕ್ಕುವವರೆಗೆ ತುಂಬಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಬಿಗಿಯಾಗಿಯೇ ಇದೆಯೇ ನೋಡಿ. ಅಲುಗಾಡಿಸಿ ಕಿವಿಗೊಡಿ, ಒಳಗೆ ಮರಳಿನಂಥ ಸದ್ದು ಬಂದರೆ ಉಪ್ಪು ಹರಳುಗಟ್ಟಿದೆ, ಬಿಟ್ಟುಬಿಡಿ. ಗಾಳಿ ತುಂಬುವ ಗುಂಡಿ ಒತ್ತಿ ಬಿಟ್ಟಾಗ ತಕ್ಷಣ ಹಿಂದಕ್ಕೆ ಬರಬೇಕು. ಅದು ನೀರೊಳಗೆ ಸಿಕ್ಕಿಕೊಂಡರೆ ಚೀಲ ತಾನಾಗಿ ತುಂಬಿ ನಿಮ್ಮನ್ನು ಮೇಲಕ್ಕೆಸೆಯುತ್ತದೆ. ಆಗ ಸಿಲಿಂಡರಿನಿಂದ ಚೀಲಕ್ಕೆ ಗಾಳಿ ತರುವ ಕೊಳವೆಯನ್ನು ಕಳಚಿ ಚೀಲದ ಗಾಳಿ ಬಿಡುವುದನ್ನು ಕಣ್ಣು ಮುಚ್ಚಿ ಮಾಡುವಷ್ಟು ಅಭ್ಯಾಸವಿರಲಿ.

ನಾನು ಬೆನ್ನಿನ ಮಾದರಿಯ ಎರಡೂವರೆ ಕಿಲೋದ್ದನ್ನು ತಂದೆ. ತಮ್ಮ ಇನ್ನೂ ಹಲಗೆಯ ಕನಸಿನಲ್ಲಿದ್ದಾನೆ. ಪ್ರತಿ ಪ್ರವಾಸದ ನಂತರ ಹೊರಗೂ ಒಳಗೂ ಸಿಹಿನೀರಿನಲ್ಲಿ ತೊಳೆಯಬೇಕು. ನಮ್ಮ ಕೊಳವೆಬಾವಿಯ ಗಡಸು ನೀರು ಬಿಳಿ ಕಲೆ ಬಿಡುತ್ತದೆ, ಅದಕ್ಕೆ ಹೇಮಾವತಿ ನೀರು ಬಿಡುವ ದಿನಕ್ಕೆ ಕಾಯುತ್ತೇನೆ. ಬಾಯಿಯ ಕೊಳವೆಯಿಂದ ನೀರು ಹೊಯ್ದು, ಅಲುಗಾಡಿಸಿ, ತಲೆಕೆಳಗು ಮಾಡಿ ಬಸಿದು, ಅರ್ಧ ಗಾಳಿ ತುಂಬಿ ಹಿತ್ತಲಿನ ನೆರಳಲ್ಲಿ ನೇತುಹಾಕುತ್ತೇನೆ.

ಮೊದಲ ಸಲ ನೇತುಹಾಕಿದಾಗ ಪಕ್ಕದ ಮನೆಯ ಹಿರಿಯರು ಕಾಂಪೌಂಡಿನ ಆಚೆಯಿಂದ ನೋಡಿ, “ಏನಮ್ಮ, ಅಡಿಕೆಗೆ ಔಷಧಿ ಹೊಡೆಯುವ ಹೊಸ ಪಂಪೇ?” ಎಂದರು. ವಿವರಿಸುವ ತಾಳ್ಮೆಯಿಲ್ಲದೆ ಹೌದು ಎಂದುಬಿಟ್ಟೆ. ಈಗ ಗುಬ್ಬಿಯ ತೋಟಕ್ಕೆ ಒಂದು ದಿನದ ಮಟ್ಟಿಗೆ ಕೊಡಿ ಎನ್ನುತ್ತಿದ್ದಾರೆ.