ಪ್ರಿಂಟರ್‌ಗೆ ಬೀಗ: ನಾಲ್ಕು ಶನಿವಾರಗಳ ಕೆಲಸ

ಮೊದಲ ಶನಿವಾರ

ನಮ್ಮದು ಲೆಕ್ಕಪರಿಶೋಧಕರ ಚಿಕ್ಕ ಕಚೇರಿ. ಎಂಟು ಕಂಪ್ಯೂಟರ್, ಒಂದೇ ಲೇಸರ್ ಪ್ರಿಂಟರ್. ಸೋಮವಾರ ಬೆಳಿಗ್ಗೆ ಅದರ ಟ್ರೇಯಲ್ಲಿ ಯಾರದೋ ಮದುವೆಯ ಅಡುಗೆ ಸಾಮಾನಿನ ಪಟ್ಟಿ ಬಿದ್ದಿತ್ತು: ಬೆಲ್ಲ, ತುಪ್ಪ, ಬಾಳೆ ಎಲೆ, ಮೂರು ಪ್ರತಿ. "ಇದಕ್ಕೊಂದು ದಾರಿ ನೋಡಪ್ಪ" ಎಂದರು ಸಾರ್. ನನ್ನ ಕೆಲಸ ಟ್ಯಾಲಿ, ನೆಟ್‌ವರ್ಕ್ ಬರೀ ಹುಚ್ಚು.

ಕಾರಣ ಹುಡುಕಲು ಕಷ್ಟಪಡಬೇಕಾಗಲಿಲ್ಲ. ಕಾಯುವ ಕೋಣೆಯ ಗೋಡೆಯ ಮೇಲೆಯೇ ವೈಫೈ ಪಾಸ್‌ವರ್ಡ್ ಅಂಟಿಸಿದ್ದೆವು. ಬಂದವರ ಮೊಬೈಲ್ ನೇರ ನಮ್ಮ ಜಾಲಕ್ಕೇ ಸೇರುತ್ತಿತ್ತು, ಪ್ರಿಂಟರ್ ತಾನಾಗಿಯೇ "ನಾನಿಲ್ಲಿದ್ದೇನೆ" ಎಂದು ಸಾರುತ್ತಿತ್ತು. ರೂಟರ್‌ನಲ್ಲಿ ಅತಿಥಿ ಜಾಲ ಬೇರೆ ಮಾಡಿ, ಚೀಟಿ ಬದಲಿಸಿದೆ.

ಎರಡನೇ ಶನಿವಾರ

ಮನೆಯಲ್ಲಿ ಧೂಳು ಹಿಡಿದಿದ್ದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್‌ಗೆ, ಮುದ್ರಣ ನೋಡಿಕೊಳ್ಳುವ ಕಪ್ಸ್ ಎಂಬ ತಂತ್ರಾಂಶ ಹಾಕಿದೆ. ಇನ್ನು ಮುಂದೆ ಎಲ್ಲರ ಮುದ್ರಣವೂ ಪೈ ಮೂಲಕವೇ, 631ನೇ ಪೋರ್ಟ್‌ನಲ್ಲಿ, ಅಂದರೆ ಜಾಲದಲ್ಲಿ ಆ ಸಂಖ್ಯೆಯ ಬಾಗಿಲಲ್ಲಿ, ಹೋಗಬೇಕು. ಅಷ್ಟು ಸಾಲದು. ಪ್ರಿಂಟರ್‌ನ 9100ನೇ ಪೋರ್ಟ್ ತೆರೆದೇ ಇದ್ದರೆ, ಹೆಸರು ಕುಲ ಕೇಳದೆ ಯಾರು ಏನು ಕಳಿಸಿದರೂ ಅದು ಮುದ್ರಿಸುತ್ತದೆ. 515ರದೂ ಅದೇ ಹಾಡು. ಹಾಗಾಗಿ ರೂಟರ್‌ನಲ್ಲಿ ಪೈಗೆ 192.168.1.20 ಎಂದು ಕಾಯಂ ವಿಳಾಸ ಕೊಟ್ಟೆ, ಪ್ರಿಂಟರ್‌ನ ಅನುಮತಿ ಪಟ್ಟಿಯಲ್ಲಿ ಆ ಒಂದೇ ವಿಳಾಸ ಬರೆದೆ. ಪ್ರಿಂಟರ್‌ನ ಆಡಳಿತ ಪುಟಕ್ಕೆ ಇಷ್ಟು ವರ್ಷ ಪಾಸ್‌ವರ್ಡೇ ಇರಲಿಲ್ಲ ಎಂಬುದೂ ಆಗಲೇ ಗೊತ್ತಾಯಿತು.

ಮೂರನೇ ಶನಿವಾರ

ಇಡೀ ದಿನ ಇಲ್ಲೇ ಹೋಯಿತು. ಯಾರು ಮುದ್ರಿಸಬಹುದು ಎಂದು ಕಪ್ಸ್‌ನ ಎಲ್‌ಪಿಅಡ್ಮಿನ್ ಎಂಬ ಆದೇಶದಲ್ಲಿ ಹೆಸರು ಬರೆದು ಗೆದ್ದೆನೆಂದುಕೊಂಡೆ. ಮುದ್ರಣದ ದಾಖಲೆ ತೆರೆದು ನೋಡಿದರೆ ಐದು ಕಂಪ್ಯೂಟರ್‌ಗಳ ಖಾತೆಯ ಹೆಸರೂ "ಯೂಸರ್"! ವಿಂಡೋಸ್ ಹಾಕಿಕೊಟ್ಟವನು ಎಲ್ಲಕ್ಕೂ ಒಂದೇ ಹೆಸರಿಟ್ಟಿದ್ದ. ಅದಕ್ಕಿಂತ ದೊಡ್ಡ ತೊಡಕೆಂದರೆ, ದೃಢೀಕರಣ, ಅಂದರೆ ಪಾಸ್‌ವರ್ಡ್ ಕೇಳಿ ಗುರುತು ಖಚಿತಪಡಿಸುವುದನ್ನು, ಹೊಂದಿಸದಿದ್ದರೆ ಕಂಪ್ಯೂಟರ್ ಹೇಳಿದ ಹೆಸರನ್ನೇ ಕಪ್ಸ್ ನಂಬುತ್ತದೆ. ಯಾರಾದರೂ ತಮ್ಮ ಖಾತೆಗೆ ಸಾರ್ ಹೆಸರಿಟ್ಟುಕೊಂಡರೆ ಅವರೇ ಸಾರ್.

ಕೊನೆಗೆ ಪೈನಲ್ಲಿ ಪ್ರತಿಯೊಬ್ಬರಿಗೂ ಖಾತೆ, ಪಾಸ್‌ವರ್ಡ್. ಬೇಸಿಕ್ ಎಂಬ ದೃಢೀಕರಣ ವಿಧಾನದಲ್ಲಿ ಪಾಸ್‌ವರ್ಡ್ ಬೇಸ್64 ಎಂಬ, ಯಾರು ಬೇಕಾದರೂ ಬಿಡಿಸಬಹುದಾದ ಅಕ್ಷರರೂಪದಲ್ಲಿ ಹೋಗುತ್ತದೆ, ಅದು ಮುಚ್ಚಿದ್ದಲ್ಲ, ಮಡಚಿದ್ದಷ್ಟೇ. ಆದ್ದರಿಂದ ದಾರಿಯಲ್ಲಿ ಯಾರೂ ಓದಲಾಗದ ಹಾಗೆ ಗೂಢಲಿಪೀಕರಣ ಕಡ್ಡಾಯ ಮಾಡಿದೆ. "ಒಂದು ಹಾಳೆ ತೆಗೆಯುವುದಕ್ಕೂ ಲಾಕರ್ ತೆಗೆದ ಹಾಗೆ ಮಾಡಿಬಿಟ್ಟೆಯಲ್ಲ" ಎಂದು ಟೈಪಿಂಗ್ ಅಕ್ಕ ಬೈದರು. ಅವರ ಯಂತ್ರದಲ್ಲಿ ಪಾಸ್‌ವರ್ಡ್ ಉಳಿಸಿಕೊಟ್ಟೆ, ಬೈಗುಳ ನಿಂತಿತು.

ವಾರಕ್ಕೆ ಇಷ್ಟು ಪುಟ ಎಂಬ ಮಿತಿಯೂ ಕಪ್ಸ್‌ನಲ್ಲಿದೆ. ಅವಧಿಯನ್ನು ಸೆಕೆಂಡಿನಲ್ಲಿ ಬರೆಯಬೇಕು, ಒಂದು ವಾರವೆಂದರೆ 604800. ಲೆಕ್ಕ ಪ್ರತಿಯೊಬ್ಬರದೂ ಬೇರೆಯಾದರೂ ಮಿತಿ ಮಾತ್ರ ಎಲ್ಲರಿಗೂ ಒಂದೇ. ಆಡಿಟ್ ಹುಡುಗರಿಗೆ ಸೆಪ್ಟೆಂಬರ್‌ನಲ್ಲಿ ರಾಶಿ ಹಾಳೆ ಬೇಕು, ಮುಂದಿನ ಮೇಜಿನವರಿಗೆ ಹತ್ತಿಪ್ಪತ್ತು ಸಾಕು. ಒಂದೇ ಪ್ರಿಂಟರ್‌ಗೆ "ಆಡಿಟ್", "ಸಾಮಾನ್ಯ" ಎಂಬ ಎರಡು ಸರದಿ ಮಾಡಿ, ಬೇರೆ ಬೇರೆ ಮಿತಿ, ಬೇರೆ ಬೇರೆ ಜನರನ್ನು ಹಚ್ಚಿದೆ. ಈ ಉಪಾಯಕ್ಕೆ ನನಗೇ ಮೆಚ್ಚುಗೆ.

ನಾಲ್ಕನೇ ಶನಿವಾರ

ಮೆಚ್ಚುಗೆ ಇಳಿಯಿತು. ಪರೀಕ್ಷೆಗೆಂದು ಮೊಬೈಲ್‌ನ ವೈಫೈ ಪಟ್ಟಿ ತೆರೆದರೆ "ಡೈರೆಕ್ಟ್" ಎಂದು ಶುರುವಾಗುವ ಹೆಸರೊಂದು. ಪ್ರಿಂಟರ್ ತನ್ನದೇ ವೈಫೈ ಹಚ್ಚಿಕೊಂಡು ಕೂತಿದೆ! ಊಹಿಸಿ ಒತ್ತಿದ ಮೊದಲ ಪಾಸ್‌ವರ್ಡೇ ಹಿಡಿಯಿತು: 12345678. ಪೈ, ಖಾತೆ, ಮಿತಿ ಎಲ್ಲವನ್ನೂ ಬದಿಗೊತ್ತಿ ಪರೀಕ್ಷಾ ಪುಟ ಸರ್ರನೆ ಹೊರಬಂತು. ನಮ್ಮ ಪ್ರಿಂಟರ್‌ನಲ್ಲಿ ಅನುಮತಿ ಪಟ್ಟಿ ಆ ದಾರಿಗೆ ಅನ್ವಯಿಸುವುದೇ ಇಲ್ಲ. ಕೋಟೆಗೆಲ್ಲ ಕಾವಲಿಟ್ಟು ದಿಡ್ಡಿ ಬಾಗಿಲು ಮರೆತಿದ್ದೆ. ವೈಫೈ ಡೈರೆಕ್ಟ್ ಎಂಬ ಆ ಸೌಲಭ್ಯವನ್ನು ನಿಲ್ಲಿಸಿದೆ. ಪ್ರಿಂಟರ್ ಕೇಬಲ್‌ನಲ್ಲೇ ಇರುವುದರಿಂದ ಉಳಿದ ವೈಫೈಯನ್ನೂ ನಿಲ್ಲಿಸಿದೆ.

ಉಳಿದಿರುವುದು ಮುಂಭಾಗದ ಪೆನ್‌ಡ್ರೈವ್ ಕಿಂಡಿ. ಅದನ್ನು ನಿಲ್ಲಿಸುವ ಆಯ್ಕೆ ಮೆನುವಿನಲ್ಲಿ ಇನ್ನೂ ಸಿಕ್ಕಿಲ್ಲ. ಸದ್ಯಕ್ಕೆ ಕಂದು ಟೇಪ್ ಅಂಟಿಸಿ ಬಂದಿದ್ದೇನೆ.